ಪುಣಜನೂರಿನವನ ಕುತ್ತಿಗೆ

ಅಗ್ನಿಶಾಮಕ ಠಾಣೆಯಲ್ಲಿ ಮೂವತ್ತು ವರ್ಷ ದುಡಿದವನು ನಾನು. ಕೊನೆಯ ಹತ್ತು ವರ್ಷ ಗುಂಡ್ಲುಪೇಟೆಯಲ್ಲಿ. ಅಷ್ಟು ವರ್ಷದಲ್ಲಿ ಬೆಂಕಿ ನನ್ನನ್ನು ಒಮ್ಮೆಯೂ ನಗಿಸಲಿಲ್ಲ. ನಿವೃತ್ತನಾಗಿ ಚಾಮರಾಜನಗರಕ್ಕೆ ಬಂದು, ಅದೇ ಕೆಲಸಕ್ಕೆ ಸೇರಲು ಹೊರಟವರನ್ನು ದೈಹಿಕ ಪರೀಕ್ಷೆಗೆ ತಯಾರು ಮಾಡತೊಡಗಿದ ಮೇಲೆ ಮಾತ್ರ ನಗದೆ ಮನೆಗೆ ಹೋದ ದಿನವಿಲ್ಲ.

ಅವರಲ್ಲಿ ಕಾಡಂಚಿನ ಪುಣಜನೂರಿನವನೊಬ್ಬನನ್ನು ಕಂಡರೆ ನನಗೆ ನಗುವಿನ ಜೊತೆ ಸಂಕಟವೂ ಆಗುತ್ತಿತ್ತು. ಏಳು ಬೇಸಿಗೆ ಕಾಡಿನಲ್ಲಿ ದಿನಗೂಲಿಯ ಫೈರ್ ವಾಚರ್ ಆಗಿದ್ದವನು. ಹಸಿ ಸೊಪ್ಪಿನ ಕೊಂಬೆ ಹಿಡಿದು ಅವನು ಬಡಿದು ಆರಿಸಿದಷ್ಟು ಬೆಂಕಿಯನ್ನು ನಾನು ಲಾರಿ ತುಂಬ ನೀರಿಟ್ಟುಕೊಂಡೂ ಆರಿಸಿಲ್ಲ. ಆದರೆ ಮಳೆ ಬಿದ್ದ ಕೂಡಲೇ ಅವನ ಕೆಲಸವೂ ಆರಿಹೋಗುತ್ತಿತ್ತು. ಕಾಯಂ ಕೆಲಸಕ್ಕಾಗಿ ಎರಡು ಸಲ ಪರೀಕ್ಷೆಗೆ ಹೋಗಿ ಎರಡು ಸಲವೂ ಓಟದಲ್ಲಿ ಫೇಲಾಗಿದ್ದ. ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಮತ್ತೆ ಅರ್ಜಿ ಹಾಕುವಂತಿರಲಿಲ್ಲ.

ಟೇಪು

ಎದೆ ಅಳೆಯಲು ಟೇಪು ಬೇಕಾಗಿತ್ತು. ಮೈದಾನದ ಎದುರಿಗಿರುವ ಟೈಲರ್ ಭಾಯಿಯನ್ನು ಕೇಳಿದೆ. ಟೇಪು ಕೊಡುವುದೇನು, ಅಂಗಡಿಯ ಬಾಗಿಲು ಎಳೆದುಕೊಂಡು ತಾವೇ ಬಂದರು. ಅಳೆದದ್ದೇ ಅಳೆದದ್ದು, ಎಲ್ಲರೂ ಪಾಸು. ಬರೀ ಮೂಳೆ ಚಕ್ಕಳವಾಗಿದ್ದವನೂ ಪಾಸಾದಾಗ ನನಗೆ ಅನುಮಾನ ಬಂತು. ಹತ್ತಿರ ಹೋಗಿ ನೋಡಿದರೆ ಟೇಪಿನೊಳಗೆ ಭಾಯಿಯ ಎರಡು ಬೆರಳಿದ್ದವು.

ಅದು ಇಪ್ಪತ್ತೈದು ವರ್ಷದ ಅಭ್ಯಾಸವಂತೆ. ಬಿಗಿಯಾಗಿ ಅಳೆದರೆ ಗಿರಾಕಿ ಶರ್ಟು ವಾಪಸ್ ತರುತ್ತಾನಂತೆ. ಬೆರಳು ತೆಗೆಸಿ ಮತ್ತೆ ಅಳೆಸಿದೆ. ಅರ್ಧ ಜನ ಫೇಲು. ಪುಣಜನೂರಿನವನು ಕೂದಲೆಳೆಯಷ್ಟರಲ್ಲಿ ಉಳಿದುಕೊಂಡ. ಭಾಯಿ ಟೇಪು ಸುತ್ತಿಕೊಳ್ಳುತ್ತ ಬೇಸರದಿಂದ ಹೇಳಿದರು: "ಇಷ್ಟು ಬಿಗಿ ಹಿಡಿದ್ರೆ ಹೆಂಗೆ ಸಾರ್? ಹೊಟ್ಟೆ ತುಂಬ ಉಂಡ ದಿನ ಈ ಹುಡುಗರ ಬಟನ್ ಹಾರೋಗುತ್ತೆ."

ಹೆಗಲು

ಹೊಗೆಯಲ್ಲಿ ಬಿದ್ದವನನ್ನು ಹೆಗಲ ಮೇಲೆ ಹೊತ್ತು ತರುವುದನ್ನೂ ಕಲಿಸುತ್ತಿದ್ದೆ. ಅದಕ್ಕಿಟ್ಟಿದ್ದ ಮರಳಿನ ಮೂಟೆ ಒಂದು ದಿನ ಹರಿದುಹೋಯಿತು. ನನ್ನನ್ನೇ ಹೊತ್ತುಕೋ ಎಂದು ಪುಣಜನೂರಿನವನಿಗೆ ಹೇಳಿದೆ. ಮೈದಾನದಲ್ಲಿ ಕ್ರಿಕೆಟ್ ನಡೆಯುತ್ತಿದ್ದುದರಿಂದ ಅವನು ರಸ್ತೆಗಿಳಿದ. ಪ್ರಜ್ಞೆ ತಪ್ಪಿದವನು ಹೇಗಿರಬೇಕೋ ಹಾಗೆ ನಾನು ಕಣ್ಣು ಮುಚ್ಚಿ, ಕೈ ಜೋಲು ಬಿಟ್ಟುಕೊಂಡಿದ್ದೆ.

ಸಂತೆಯಿಂದ ಬರುತ್ತಿದ್ದ ನನ್ನ ಹಳೆಯ ಪರಿಚಯದವರೊಬ್ಬರು ಇದನ್ನು ಕಂಡು, ಚಪ್ಪಲಿ ಬಿಟ್ಟು ಕೈಮುಗಿದು, ಮೆಲ್ಲಗೆ ಕೇಳಿದರು: "ಅಯ್ಯೋ ಶಿವನೇ, ಯಾವಾಗ ಹೋದ್ರಪ್ಪ?"

ಹೊತ್ತವನಿಗೆ ಏದುಸಿರು. ನಾನೇ ತಲೆಕೆಳಗಾಗಿ ಕಣ್ಣು ಬಿಟ್ಟು, ಇನ್ನೂ ಇಲ್ಲ ಎಂದೆ. ಅವರ ಬದನೆಕಾಯಿ ಚೀಲ ರಸ್ತೆಯ ಪಾಲಾಯಿತು. ಈಗಲೂ ಅವರು ನನ್ನನ್ನು ಕಂಡರೆ ಮೊದಲು ನನ್ನ ಪಾದ ಯಾವ ಕಡೆಗಿದೆ ಎಂದು ನೋಡಿಯೇ ಮಾತಾಡಿಸುವುದು.

ಓಟ

ಎದೆ, ಹೆಗಲು ಎಲ್ಲ ಸರಿಯಿದ್ದವನು ಓಟದಲ್ಲಿ ಯಾಕೆ ಸೋಲುತ್ತಾನೆ? ಒಂದು ದಿನ ಕಣ್ಣಿಟ್ಟು ನೋಡಿದೆ. ಮೂವತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದ. ಅವನ ಊರಿನ ರಸ್ತೆಯಲ್ಲಿ ಚಿಕ್ಕಂದಿನಿಂದ ಹಾಗೇ ನಡೆದು ರೂಢಿ. ಹಿಂದೆ ಆನೆ ಇದ್ದರೂ ಇರಬಹುದು. ಚಾಮರಾಜನಗರದ ಮೈದಾನದಲ್ಲಿ ಆನೆ ಎಲ್ಲಿಂದ ಬರುತ್ತದೋ ಮಹರಾಯ ಎಂದು ಬೈದೆ.

"ನಂಗೊತ್ತು ಸಾ," ಎಂದ. "ಕುತ್ಗೆಗೆ ಗೊತ್ತಿಲ್ಲ."

ಕೊನೆಗೆ ಭಾಯಿಯೇ ಉಪಾಯ ಹೂಡಿದರು. ದಿನಾ ಸೈಕಲ್ಲಿನಲ್ಲಿ ಅವನ ಹಿಂದೆ ಹೋಗುತ್ತ, "ಹಿಂದೆ ಏನಿಲ್ಲ, ಹಿಂದೆ ಏನಿಲ್ಲ" ಎಂದು ಹೇಳುತ್ತಿದ್ದರು. ಕುತ್ತಿಗೆ ನಂಬಿತು. ಆದರೆ ಪರೀಕ್ಷೆಯ ದಿನ ಸೈಕಲ್ಲನ್ನು ಒಳಗೆ ಬಿಡುತ್ತಾರೆಯೇ? ನಾವಿಬ್ಬರೂ ತಂತಿಬೇಲಿಯ ಹೊರಗೆ ನಿಂತೆವು.

ಮೊದಲ ಸುತ್ತು ಚೆನ್ನಾಗಿಯೇ ಓಡಿದ. ಎರಡನೆಯದರಲ್ಲಿ ಕುತ್ತಿಗೆ ತಿರುಗತೊಡಗಿತು. ಒಂದು ಸಲ, ಎರಡು ಸಲ, ಮೂರನೆಯ ಸಲ. ಏಳು ಬೇಸಿಗೆಯ ಬೆಂಕಿ ತಿಂದವನು ಈ ಕುತ್ತಿಗೆಯಿಂದ ಹಾಳಾದನಲ್ಲ ಎನಿಸಿತು. ಪಕ್ಕದಲ್ಲಿದ್ದ ಭಾಯಿಗೂ ತಡೆಯಲಾಗಲಿಲ್ಲ. ಎಂದಿನಂತೆ ಏನಿಲ್ಲ ಎನ್ನಲು ಬಾಯಿ ತೆರೆದವರು, ಆ ಗಾಬರಿಯಲ್ಲಿ "ಆನೆ, ಆನೆ ಬಂತು" ಎಂದು ಕೂಗಿಬಿಟ್ಟರು.

ಪುಣಜನೂರಿನವನು ತಿರುಗಲೇ ಇಲ್ಲ. ತಲೆ ತಗ್ಗಿಸಿ ಒಂದೇ ಸಮನೆ ಓಟ ಕಿತ್ತ. ಅವನ ಜೊತೆಯವರೂ ಕಾಡಂಚಿನ ಊರುಗಳವರೇ. ಗೆರೆ ದಾಟಿದವರು ಅಲ್ಲಿ ನಿಲ್ಲದೆ ಕಾಂಪೌಂಡನ್ನೂ ಹಾರಿದರು. ಪರೀಕ್ಷೆ ನಡೆಸಲು ಬೇರೆ ಊರಿನಿಂದ ಬಂದಿದ್ದ ಅಧಿಕಾರಿಯೊಬ್ಬರೇ ನಿಂತು ಹಿಂದೆ ತಿರುಗಿ ನೋಡಿದ್ದು.

ಕೂಗು ಎಲ್ಲರಿಗೂ ಒಂದೇ ಥರ ಕೇಳಿಸಿದ್ದರಿಂದ ಅಧಿಕಾರಿ ತಕರಾರು ತೆಗೆಯಲಿಲ್ಲ. ಕಾಂಪೌಂಡಿನಾಚೆಯಿಂದ ಒಬ್ಬೊಬ್ಬರನ್ನಾಗಿ ಕರೆಸಿ ಸಮಯ ಓದಿದರು. ಪುಣಜನೂರಿನವನು ಎರಡೇ ಸೆಕೆಂಡಿನ ಅಂತರದಲ್ಲಿ ಪಾಸಾಗಿದ್ದ. ಅವನನ್ನು ತಬ್ಬಿಕೊಂಡಾಗ ನನ್ನ ಕಣ್ಣು ಒದ್ದೆಯಾಗಿತ್ತು, ಅದನ್ನು ಮರೆಸಲು ಗದರಿಕೊಂಡೆ. ಆನೆ ಇಲ್ಲದಾಗ ತಿಂಗಳುಗಟ್ಟಲೆ ತಿರುಗಿದವನು ಆನೆ ಬಂತು ಅಂದಾಗ ಯಾಕ್ಲಾ ತಿರುಗಲಿಲ್ಲ ಎಂದು ಕೇಳಿದೆ.

ಅವನು ಮೊಣಕಾಲಿಗೆ ಕೈ ಊರಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ನನ್ನ ಮುಖ ನೋಡಿದ.

"ಬತ್ತದೇನೋ ಅಂತ ತಿರುಗಿ ನೋಡದು ಸಾ. ಬಂದ್ಬುಟ್ಟ ಮೇಲ ನೋಡಕ್ಕೇನದ?"