ಆನೆಯ ಮುಖ

ಸಫಾರಿ ಜೀಪಿನಲ್ಲಿ ಒಂದು ಸೀಟಿಗೆ ಒಂದೂವರೆ ಸಾವಿರ. ಕ್ಯಾಮರಾಕ್ಕೆ ಬೇರೆಯೇ ಟಿಕೆಟು, ಏಳುನೂರು. ಅದರ ಮೂತಿ ಉದ್ದವಾದಷ್ಟೂ ದರ ಹೆಚ್ಚು. ಕಾರಿನ ಪೆಟ್ರೋಲಿಗೆ ಎರಡು ಸಾವಿರ. ಊಟ, ಚಾ ನಾಲ್ಕುನೂರು. ಅಂತೂ ಒಂದು ಆನೆಯನ್ನು ಕೂತು ನೋಡಲು ತೀರ್ಥರಾಮನಿಗೆ ತಗಲುವ ಖರ್ಚು ನಾಲ್ಕು ಸಾವಿರದ ಆರುನೂರು.

"ನಮ್ಮ ಮಂಡೆಕೋಲಿಗೆ ಆನೆ ಧರ್ಮಕ್ಕೆ ಬರ್ತದೆ, ಕೂತು ನೋಡುವವರಿಲ್ಲ," ಎಂದಳು ಹೆಂಡತಿ ದುಗ್ಗಮ್ಮ.

ಸುಳ್ಳಲ್ಲ. ಕಾಡಿನಿಂದ ಇಳಿದು ಬರುವ ಆನೆಗಳನ್ನು ತೀರ್ಥರಾಮ ಹನ್ನೆರಡು ವರ್ಷಗಳಿಂದ ತೋಟದಾಚೆಗೆ ಓಡಿಸುತ್ತಿದ್ದ. ತಗಡು ಬಡಿದು, ಗರ್ನಾಲು ಪಟಾಕಿ ಸಿಡಿಸಿ, ಗಂಟಲು ಹರಿಯುವಂತೆ ಕೂಗಿ. ಓಡುವ ಆನೆಯಲ್ಲಿ ಕಾಣುವುದು ಹಿಂಭಾಗ ಮಾತ್ರ. ಬಾಲ ನೋಡಿದರೆ ಯಾವ ಆನೆಯೆಂದು ಹೇಳಬಲ್ಲ. ಒಂದರ ಮುಖವನ್ನೂ ನೆಟ್ಟಗೆ ಕಂಡವನಲ್ಲ. ಈಚೆಗೆ ಅದೇ ಕನಸಾಗಿ ಬರತೊಡಗಿತ್ತು. ಮಂಜಿನೊಳಗೆ ನಿಂತ ಆನೆ ಮೆಲ್ಲನೆ ತಿರುಗುತ್ತದೆ, ಕಿವಿ ಕಾಣುತ್ತದೆ, ಇನ್ನೇನು ಕಣ್ಣು ಕಾಣಬೇಕು, ಅಷ್ಟರಲ್ಲಿ ಕೋಳಿ ಕೂಗಿಬಿಡುತ್ತದೆ.

ಅಜ್ಜಾವರದ ಸಾಹುಲ್ ಹಮೀದ್ ಮದುವೆ ಫೋಟೊ ತೆಗೆಯುವವನು. ಈ ಕನಸಿಗೆ ಮದ್ದು ತನ್ನಲ್ಲಿ ಉಂಟು ಎಂದು ಒಂದು ಕ್ಯಾಮರಾ ಕೊಟ್ಟು, ತಿಂಗಳು ಪಾಠ ಮಾಡಿದ.

"ತೀರ್ಥಣ್ಣ, ಮೂರೇ ಮಾತು. ಸದ್ದು ಮಾಡ್ಬಾರ್ದು. ಅಲುಗಾಡ್ಬಾರ್ದು. ಕಣ್ಣಿಗೇ ಗುರಿ ಇಟ್ಟು ತೆಗಿಬೇಕು. ಮದುಮಗಳಿಗೂ ಅದೇ, ಆನೆಗೂ ಅದೇ."

ತೀರ್ಥರಾಮ ಈ ಮೂರು ಮಾತನ್ನು ಸ್ನಾನದಲ್ಲಿ, ಊಟದಲ್ಲಿ, ಹಟ್ಟಿಯಲ್ಲಿ ಜಪಿಸಿದ. ದುಗ್ಗಮ್ಮನಿಗೂ ಬಾಯಿಪಾಠವಾಯಿತು.

ಹೊರಡುವ ದಿನ ಬೆಳಿಗ್ಗೆ ಅವಳು ಕೇಳಿದಳು, "ನೀವಿಲ್ಲದಾಗ ಇಲ್ಲಿಗೇ ಬಂದ್ರೆ ಎಂತ ಮಾಡುದು?"

ಅವನ ಮನಸ್ಸು ಆಗಲೇ ಕಾಡು ಸೇರಿತ್ತು. "ಆನೆ ಅಲ್ಲಾದ್ರೂ ಒಂದೇ, ಇಲ್ಲಾದ್ರೂ ಒಂದೇ. ಮೂರು ಮಾತು ನೆನಪುಂಟಲ್ಲ?" ಎಂದು ಹಮೀದನ ಕಾರು ಹತ್ತಿದ. ಮೊದಲನೇ ಮಾತಿಗೆ ಮರ್ಯಾದೆ ಕೊಟ್ಟು ಫೋನನ್ನೂ ಆಫ್ ಮಾಡಿದ.

ಸಂಪಾಜೆ ಘಾಟಿಯ ತಿರುವುಗಳು ಅವನನ್ನು ತೊಟ್ಟಿಲಿನಂತೆ ತೂಗಿದವು. ಮಧ್ಯಾಹ್ನದ ಮೇಲೆ ಜೀಪು ಹತ್ತಿದರೆ, ಪಕ್ಕದಲ್ಲಿ ಪುತ್ತೂರಿನ ರಾಜೀವಿ ಟೀಚರು, ಮಡಿಲಲ್ಲಿ ಸೋರೆಕಾಯಿಯಷ್ಟು ಉದ್ದದ ಕ್ಯಾಮರಾ.

"ಉಸಿರು ಸ್ವಲ್ಪ ಮೆಲ್ಲ ಬಿಡಿ ಮಾರಾಯ್ರೆ," ಎಂದರು ಟೀಚರು. "ನವಿಲು ಓಡ್ತದೆ."

ತೀರ್ಥರಾಮ ಉಸಿರು ಹಿಡಿದು ಜಿಂಕೆಯ ಹನ್ನೊಂದು ಫೋಟೊ ತೆಗೆದ. ಹಮೀದ್ ಮೆಲ್ಲ ಕೈ ಚಾಚಿ ಕ್ಯಾಮರಾದ ಮುಚ್ಚಳ ತೆಗೆದುಕೊಟ್ಟ.

ನಾಲ್ಕೂವರೆಯ ಹೊತ್ತಿಗೆ ಜೀಪು ನಿಂತಿತು. ಬಿದಿರಿನ ನಡುವೆ ಬಿಸಿಲು ಜೇನಿನಂತೆ ಸೋರುತ್ತಿತ್ತು. ಅದರೊಳಗೆ ಒಂಟಿ ಸಲಗ, ಅತ್ತ ಮುಖ ಮಾಡಿ ನಿಂತಿತ್ತು. ಯಾರೂ ಕದಲಲಿಲ್ಲ. ಒಂದು ಎಲೆ ಬಿದ್ದ ಸದ್ದೂ ಕೇಳಿಸಿತು. ಆನೆ ಮೆಲ್ಲನೆ, ಥೇಟು ಕನಸಿನಂತೆಯೇ ತಿರುಗತೊಡಗಿತು. ಕಿವಿ ಕಂಡಿತು. ಇನ್ನೇನು ಕಣ್ಣು...

"ಹೋ ಹೋ ಹೋಯ್! ಹೋಗಾಚೆ!"

ಕೂಗಿದ್ದು ತೀರ್ಥರಾಮ. ಎರಡೂ ಕೈ ಜೀಪಿನ ತಗಡನ್ನು ದಡದಡ ಬಡಿಯುತ್ತಿದ್ದವು. ಆನೆ ಬಾಲ ಎತ್ತಿ ಬಿದಿರು ಮುರಿದುಕೊಂಡು ಓಡಿತು. ಗಲಾಟೆಯಲ್ಲಿ ಕೊರಳಿನ ಕ್ಯಾಮರಾದ ಗುಂಡಿ ಜೀಪಿಗೆ ತಾಗಿ ತಾನಾಗಿ ಒತ್ತಿಹೋಯಿತು. ಕನಸಿನ ಕೋಳಿ ಈ ಸಲ ಅವನೇ ಆಗಿದ್ದ.

"ಎಂತ ತೀರ್ಥಣ್ಣ ಇದು!" ಹಮೀದ್ ತಲೆ ಹಿಡಿದುಕೊಂಡ.

"ನಾನಲ್ಲ ಮಾರಾಯ, ಹನ್ನೆರಡು ವರ್ಷದ ಅಭ್ಯಾಸ!"

"ಐದನೇ ಸಲ ಬಂದದ್ದು ನಾನು, ಇವತ್ತು ಸಿಕ್ಕಿತ್ತು," ರಾಜೀವಿ ಟೀಚರು ಕ್ಯಾಮರಾವನ್ನು ಚೀಲಕ್ಕೆ ತುರುಕಿದರು. "ಇವರನ್ನು ಕರ್ಕೊಂಡು ಬಂದದ್ದು ಯಾರು?"

ಹಮೀದ್ ಯಾವುದೋ ಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ವಾಪಸು ಸಂಪಾಜೆಗೆ ಇಳಿದಾಗ ತೀರ್ಥರಾಮನಿಗೆ ಫೋನಿನ ನೆನಪಾಯಿತು. ಆನ್ ಮಾಡಿದ ಕೂಡಲೇ ದುಗ್ಗಮ್ಮನ ಕರೆ.

"ಬಂದಿತ್ತು ಮಾರಾಯ್ರೆ! ಹಾಡುಹಗಲೇ, ನಾಲ್ಕೂವರೆಗೆ!"

"ಓಡಿಸಿದ್ಯಾ?"

"ಓಡಿಸುದಾ? ಆಚೆಮನೆ ಕೃಷ್ಣಮೋಹನ ಗರ್ನಾಲು ಹಿಡ್ಕೊಂಡು ಓಡಿ ಬಂದ. ನಾನೇ ಕಿತ್ಕೊಂಡು ಬೈದೆ. ಸದ್ದು ಮಾಡ್ಲಿಲ್ಲ, ಅಲುಗಾಡ್ಲಿಲ್ಲ. ಜಗಲಿಯಲ್ಲಿ ಕೂತು ಕಣ್ಣಿಗೇ ಗುರಿ ಇಟ್ಟೆ. ಎಷ್ಟು ಸಾವಕಾಶ ತಿಂತದೆ ಗೊತ್ತುಂಟಾ? ಒಂದು ಗಂಟೆ! ನಿಮ್ಮದೂ ಸಿಕ್ಕಿತಾ?"

"ಸಿಕ್ಕಿತು," ಎಂದ ತೀರ್ಥರಾಮ. "ಹಿಂದಿನಿಂದ."

ಅವಳು ಕಳಿಸಿದ ಫೋಟೊ ಬಂತು. ಸಂಜೆ ಬಿಸಿಲಿನಲ್ಲಿ ಆನೆಯ ಪೂರ್ತಿ ಮುಖ, ಬಾಯಲ್ಲಿ ಅವನದೇ ಬಾಳೆಗೊನೆ. ಉದ್ದ ರೆಪ್ಪೆಯ ಕೆಳಗೆ ಒದ್ದೆಯಾದ ಸಣ್ಣ ಕಣ್ಣು, ನೇರ ಅವನನ್ನೇ ನೋಡುತ್ತಿತ್ತು. ಬೈಯಲು ಹೊರಟವನು ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ಆ ಕಣ್ಣನ್ನೇ ನೋಡತೊಡಗಿದ.

ಹಮೀದ್ ಕಾರು ನಿಲ್ಲಿಸಿ ಇಣುಕಿದ. "ಫೋಟೊ ಅಂದ್ರೆ ಇದು! ದುಗ್ಗಕ್ಕನಿಗೆ ಕಲಿಸಿದ್ದು ಯಾರು?"

ತೀರ್ಥರಾಮ ಮನೆ ಮುಟ್ಟಿದವನೇ ತೋಟಕ್ಕೆ ಇಳಿದು ಲೆಕ್ಕ ಹಾಕಿದ.

ಹೋದದ್ದು ನಾಲ್ಕು ಸಾವಿರದ ಆರುನೂರು ರೂಪಾಯಿ, ನಲವತ್ತೆಂಟು ಬಾಳೆ, ಐದು ತೆಂಗಿನ ಸಸಿ. ಸಿಕ್ಕಿದ್ದು ಒಂದು ಆನೆಯ ಮುಖ. ಅದೂ ಹೆಂಡತಿಯ ಫೋನಿನಲ್ಲಿ.