ಲೀಟರಿನಲ್ಲಿ ಅಳೆಯುವ ಕಂಪ್ಯೂಟರು

ನನ್ನ ಮೊಮ್ಮಗಳಿಗೆ ತಲೆ ನೆಟ್ಟಗಿಲ್ಲ ಎಂದರೆ ನೀವು ನನ್ನನ್ನೇ ಬೈಯುತ್ತೀರಿ. ಬೈಯಿರಿ! ಆದರೆ ಕಂಪ್ಯೂಟರನ್ನು ಹಾಲಿನಂತೆ ಲೀಟರಿನಲ್ಲಿ ಅಳೆಯುವವರನ್ನು ಎಲ್ಲಾದರೂ ಕಂಡಿದ್ದೀರಾ?

"ಪೆಟಗಿ ಎಂಟು ಲೀಟರ್ ಹಿಡಿಯೋವಷ್ಟ ಇರಬೇಕು ಅಜ್ಜಿ. ಅದರ ಮ್ಯಾಲೆ ಒಂದು ಹನಿನೂ ಬ್ಯಾಡ!"

ಗೇಮ್ ಆಡುವ ಕಂಪ್ಯೂಟರು ಅಂಗಡಿಯಲ್ಲಿ ಇಡಿಯಾಗಿಯೇ ಸಿಗುತ್ತದಂತೆ. ಇವಳಿಗೆ ಅದು ಸೇರದು. ಒಂದೊಂದು ಭಾಗವನ್ನೂ ತಾನೇ ಆರಿಸಿ ಜೋಡಿಸಬೇಕು, ಒಳಗೆ ಲಿನಕ್ಸ್ ಎಂಬುದನ್ನು ಹಾಕಬೇಕು. ಅದೇನೆಂದು ಕೇಳಿದೆ. "ಅದು ರೆಡಿಮೇಡ್ ಅಂಗಿ ಅಲ್ಲ ಅಜ್ಜಿ, ಅರಿವಿ. ನಮಗ ಬೇಕಾದಂಗ ಹೊಲಕೋಬಹುದು" ಎಂದಳು. ಮೂರನೇ ಇಯತ್ತೆಗೇ ಶಾಲೆ ಬಿಟ್ಟ ನನಗೂ ತಿಳಿಯಿತು ನೋಡಿ!

ತಿಳಿದದ್ದೇ ತಪ್ಪಾಯಿತು. ನಾನಿರುವುದು ಈ ಮರಾಠಿ ಊರಿನ ಬಿಬವೇವಾಡಿಯಲ್ಲಿ, ಹಿರಿಯ ಮಗನ ಮನೆಯಲ್ಲಿ. ಇವಳು ಬಸ್ಸು ಹಿಡಿದು ಬರುವಷ್ಟು ದೂರದ ಹಡಪಸರದಲ್ಲಿರುವ ಕಿರಿಯ ಮಗನ ಮಗಳು. ಪ್ರತಿ ರವಿವಾರ ಬಂದು ನನ್ನ ಹಾಸಿಗೆಯ ತುಂಬ ಕಾಲು ಚಾಚಿ, ಸಂಜೆಯವರೆಗೆ ಹರಟುತ್ತಾಳೆ. ಅವಳ ಮನೆಯಲ್ಲೇ ಗೇಮಿನ ಪೆಟ್ಟಿಗೆ ಬಂದು ಕೂತರೆ ಅಜ್ಜಿ ಯಾರಿಗೆ ಬೇಕು? ಇನ್ನೂ ಹುಟ್ಟದ ಆ ಕಂಪ್ಯೂಟರು ನನಗೆ ಸವತಿಯ ಹಾಗೆ ಕಾಣತೊಡಗಿತು.

ದೀಪಾವಳಿಗೆ ಬಂದವಳು ರಟ್ಟಿನ ಡಬ್ಬಿಯೊಂದನ್ನು ನಮ್ಮಲ್ಲೇ ಬಿಟ್ಟು ಹೋದಳು. ಒಳಗೆ ಬರೀ ರಟ್ಟಿನ ತುಂಡುಗಳು. ನಾನು ತುಂಡುಗಳನ್ನು ರದ್ದಿಗೆ ಹಾಕಿ, ಡಬ್ಬಿಗೆ ಚಕ್ಕಲಿ ತುಂಬಿ, ಹಬ್ಬದ ತಿಂಡಿ ಫರಾಳವೆಂದು ಪಕ್ಕದ ಮನೆಗೆ ಕೊಟ್ಟೆ. ಅದು ಅವಳು ತಿಂಗಳುಗಟ್ಟಲೆ ಅಳೆದು ಕತ್ತರಿಸಿದ ಕಂಪ್ಯೂಟರ್ ಪೆಟ್ಟಿಗೆಯ ಮಾದರಿ ಎಂದು ನನಗೇನು ಗೊತ್ತು! ಮರುವಾರ ಬಂದು ಹುಡುಕಿದಳು. ಹೆದರುತ್ತ ಹೇಳಿದೆ. ಅತ್ತಳೇ? ಇಲ್ಲ!

"ಚಕ್ಕಲಿ ಎಷ್ಟು ಹಿಡದ್ವು ಅಜ್ಜಿ?"

"ಐವತ್ತೆರಡು."

"ಒಂದೂ ಮುರೀಲಿಲ್ಲ?"

"ನಾ ತುಂಬಿದ ಡಬ್ಬಿಯೊಳಗ ಚಕ್ಕಲಿ ಮುರೀತಾವೇನ?"

"ಹಂಗಾದ್ರ ಏಳು, ತುಂಬೋದು ನಿನಗ ಗೊತ್ತದ, ನೀನೂ ಅಂಗಡಿಗೆ ನಡಿ!"

ಅಂಗಡಿಯಲ್ಲಿ ಮೊದಲು ಚಿತ್ರ ತೋರಿಸುವ ಕಾರ್ಡು. ಅದು ಗಿಡ್ಡವಿರಬೇಕು, ಬಿಸಿಯಾಗಬಾರದು, ಲಿನಕ್ಸಿನ ಜೊತೆ ಜಗಳ ಆಡಬಾರದು. ಅಯ್ಯೋ, ಸೊಸೆಯಂದಿರನ್ನು ಆರಿಸುವಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ! ಆಮೇಲೆ ಶಾಖ ತೆಗೆಯುವ ಫ್ಯಾನು ಬಂತು, ತಂಬಿಗೆಯಷ್ಟು ಎತ್ತರ. ಎಂಟು ಲೀಟರಿನ ಪೆಟ್ಟಿಗೆಯ ಮುಚ್ಚಳ ಕೂಡಲೊಲ್ಲದು. "ದೊಡ್ಡ ಪೆಟ್ಟಿಗೆ ತಗೊಳ್ಳಿ" ಎಂದ ಅಂಗಡಿಯವ, ಮರಾಠಿಯಲ್ಲಿ. ಹುಡುಗಿಯ ಮುಖ ಬಾಡಿತು.

ನಾನು ಸುಮ್ಮನಿರಬಹುದಿತ್ತು. ಪೆಟ್ಟಿಗೆ ಜೋಡಣೆಯಾಗದಿದ್ದರೆ ನನ್ನ ರವಿವಾರ ಉಳಿಯುತ್ತಿತ್ತು. ಆದರೆ ಆ ಮುಖ ನೋಡಿ ಸುಮ್ಮನಿರುವುದು ಹೇಗೆ? ನಾನೂ ಮರಾಠಿಯಲ್ಲೇ ಗದರಿದೆ: "ಡಬ್ಬಿಗೆ ಉಬ್ಬಿದ ಪೂರಿ ಹಾಕಿದರೆ ಮುಚ್ಚಳ ಕೂಡುತ್ತದೆಯೇನಪ್ಪ? ಚಪಾತಿಯಂಥ ಫ್ಯಾನು ತೋರಿಸು!"

ಇತ್ತು, ಒಳಗಿನ ಕಪಾಟಿನಲ್ಲಿ! ಮುಚ್ಚಳ ಟಕ್ಕೆಂದು ಕೂತಿತು. ಸವತಿಯನ್ನು ನಾನೇ ಮನೆ ತುಂಬಿಸಿಕೊಟ್ಟಂತಾಯಿತು.

ಮುಂದಿನ ರವಿವಾರ ಹತ್ತಾಯಿತು, ಹನ್ನೊಂದಾಯಿತು. ಹುಡುಗಿಯ ಸುಳಿವಿಲ್ಲ. ಮುಗಿಯಿತು ಎಂದುಕೊಂಡು ಅವಳಿಗಾಗಿ ತೆಗೆದಿಟ್ಟ ಥಾಲಿಪೆಟ್ಟಿನ ಹಿಟ್ಟನ್ನು ಮುಚ್ಚಿಟ್ಟೆ. ಅಷ್ಟರಲ್ಲಿ ಬಂದಳು, ಬೆನ್ನಿಗೊಂದು ಚೀಲ! ಚೀಲದಿಂದ ಪೆಟ್ಟಿಗೆ ತೆಗೆದು ನಮ್ಮ ಟೀವಿಗೆ ತಂತಿ ಚುಚ್ಚಿದಳು.

"ದೊಡ್ಡದಿದ್ರ ಬಸ್ಸಿನಾಗ ತೊಡಿ ಮ್ಯಾಲೆ ಇಟಗೊಂಡು ಹೆಂಗ ಬರ್ತಿದ್ದೆ ಅಜ್ಜಿ?"

ಟೀವಿಯಲ್ಲಿ ಅಕ್ಷರ ಮೂಡಿದವು. ಕನ್ನಡ! ಇವಳು ಕಲಿತದ್ದು ಮರಾಠಿ, ಇಂಗ್ಲಿಷು. ಕನ್ನಡದ ಒಂದಕ್ಷರವೂ ಓದಲು ಬಾರದು.

"ಹುಚ್ಚಿ, ನಿನಗ ಓದಾಕ ಬರಲಾರದ ಭಾಷಾ ಯಾಕ ಹಾಕೀದಿ?"

"ನಿನಗ ಬರ್ತದಲ್ಲ! ನೀ ಓದಿ ಹೇಳಿದ್ರನ ಇದು ನಡೀತದ."

ಕನ್ನಡಕ ಹಾಕಿಕೊಂಡು ಕೂಡಿಸಿ ಕೂಡಿಸಿ ಓದಿದೆ. ಒಂದು ಕಡೆ 'ಮುಚ್ಚು' ಎಂದಿತ್ತು, ಇನ್ನೊಂದು ಕಡೆ 'ತೆರೆ'.

"ಯಾವುದು ಒತ್ತಲಿ ಅಜ್ಜಿ?"

"ತೆರಿ ನನ್ನವ್ವಾ," ಎಂದೆ, "ತೆರಿ."