ಪಟ್ಟಿ ಬಿಚ್ಚದ ನನ್ನ ಮಾವ

ನನ್ನ ಸೋದರಮಾವನಷ್ಟು ಪೆಟ್ಟು ತಿಂದ ಗಂಡಸು ಮೊಳಕಾಲ್ಮೂರು ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ತಲೆ ಒಡೆದಿತ್ತು, ಮೊಣಕೈ ಮುರಿದಿತ್ತು, ದವಡೆ ಜಾರಿತ್ತು. ಇಷ್ಟಾದರೂ ಮೈಮೇಲೆ ಒಂದು ಗೀರೂ ಇರಲಿಲ್ಲ!

ನಡೆದದ್ದು ಹೀಗೆ. ಗಂಡ ಸತ್ತು ತವರಿಗೆ ಬಂದಿದ್ದ ನನ್ನನ್ನು ಮಾವ ಚಳ್ಳಕೆರೆಯ ಆಸ್ಪತ್ರೆಗೆ ನರ್ಸ್ ಕೆಲಸ ಕಲಿಯಲು ಕಳಿಸಿದ. ಅಲ್ಲಿ ಡಾಕ್ಟರಮ್ಮ ನನ್ನಂಥ ಕೆಲವು ಹೆಂಗಸರಿಗೆ ಪಟ್ಟಿ ಕಟ್ಟುವುದನ್ನು ಹೇಳಿಕೊಡುತ್ತಿದ್ದರು. ಆದರೆ ಕಟ್ಟುವುದು ಯಾರಿಗೆ? ವಿಧವೆಯ ಕೈ ತಗಲೀತೆಂದು ನಿಜವಾದ ರೋಗಿಗಳೇ ಹಿಂಜರಿಯುವಾಗ, ಸುಮ್ಮನೆ ಬಂದು ಮಲಗುವವರಾರು? ತಾನು ನೇಯ್ದ ಸೀರೆ ಮಾರಲು ಬಂದಿದ್ದ ಮಾವ ಇದನ್ನು ಕೇಳಿದವನೇ ರುಮಾಲು ತೆಗೆದಿಟ್ಟು ಬೆಂಚಿನ ಮೇಲೆ ಅಂಗಾತ ಮಲಗಿಬಿಟ್ಟ.

"ಎಲ್ಲಿ ಮುರಿದೈತೆ ಅಂದ್ಕೋಬೇಕು, ಹೇಳ್ರಿ ಡಾಕ್ಟರಮ್ಮ."

"ಇವತ್ತಿಗೆ ತಲೆ ಸಾಕು."

"ತಲೆ ಕೆಟ್ಟೈತೆ ಅಂತ ನಮ್ ಕುಲದೋರು ಆಗ್ಲೇ ಅಂದವ್ರೆ. ಅಲ್ಲಿಂದ್ಲೇ ಶುರು ಮಾಡ್ರಿ!"

ಪಾಠ ಮುಗಿದ ಮೇಲೆ ಪಟ್ಟಿ ಬಿಚ್ಚಬೇಕಲ್ಲವೆ? ಮಾವ ಬಿಚ್ಚಗೊಡಲಿಲ್ಲ. ಹಾಗೆಯೇ ಗಾಡಿ ಹತ್ತಿ ಊರಿಗೆ ಹೊರಟ. ರಜೆಗೆಂದು ನಾನೂ ಜೊತೆಗಿದ್ದೆ. ನಮ್ಮೂರ ಪೇಟೆಯಲ್ಲಿ ಅತ್ತರು ಮಾರುವ ಸಾಹೇಬರು ಗಾಡಿ ತಡೆದರು.

"ಅರೆ ಭಾಯಿ! ಯಾರು ಹೊಡ್ದಿದ್ದು?"

"ನಮ್ ಯಜಮಾನ್ರು," ಎಂದ ಮಾವ, ಬೀದಿಗೆಲ್ಲ ಕೇಳುವಂತೆ.

ನಮ್ಮ ಕುಲದ ಯಜಮಾನರು ಎದುರಿನ ಜಗಲಿಯ ಮೇಲೇ ಕೂತಿದ್ದರು! "ಲೇ, ನಾನ್ಯಾವಾಗ ನಿನ್ನ ಹೊಡ್ದೆನೋ?"

"ಅಕ್ಕನ ಮಗಳ ಓದು ಬಿಡಿಸು ಅಂದ್ರಲ್ರಿ, ಅವತ್ತು. ಪೆಟ್ಟು ಈಗ ಎದ್ದು ಕಾಣ್ತೈತೆ."

ಇಷ್ಟಾದ ಮೇಲೆ ಯಜಮಾನರು ಸುಮ್ಮನಿರುವರೆ? ಮರುದಿನ ನಮ್ಮ ಮನೆಯ ಮುಂದೆಯೇ ಕುಲ ಸೇರಿತು. ಮಾವ ನನ್ನಿಂದ ದವಡೆಗೊಂದು ಪಟ್ಟಿ ಬಿಗಿಸಿಕೊಂಡು ಹೋಗಿ ಕೂತ. "ಅವಳನ್ನ ವಾಪಸ್ ಕರೆಸ್ತೀಯಾ?" ಎಂದರೆ ದವಡೆ ತೋರಿಸಿದ. "ತಪ್ಪಾಯ್ತು ಅನ್ನು" ಎಂದರೆ ಮತ್ತೆ ದವಡೆ ತೋರಿಸಿದ. ಕೊನೆಗೆ ತೀರ್ಮಾನವಾಯಿತು: ನಾನು ಓದು ಬಿಡುವ ತನಕ ಈ ಮನೆಯಲ್ಲಿ ಯಾರೂ ಉಣ್ಣಬಾರದು, ನೀರು ಕುಡಿಯಬಾರದು, ಈ ಮನೆಯವರನ್ನು ಯಾವುದಕ್ಕೂ ಕರೆಯಬಾರದು. ಬಾಗಿಲ ಹಿಂದೆ ಅತ್ತೆಯ ಪಕ್ಕ ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಂಡೆ.

ಓದು ಬಿಟ್ಟುಬಿಡಲೇ ಎಂದುಕೊಂಡೇ ಚಳ್ಳಕೆರೆಗೆ ಮರಳಿದ್ದೆ. ಮುಂದಿನ ಸಂತೆಗೆ ಮಾವ ಪ್ರತ್ಯಕ್ಷನಾದ! ಬೆಂಚಿನ ಮೇಲೆ ಕಾಲು ಚಾಚಿದ.

"ಈ ಸಲ ಎರಡೂ ಕಾಲು ಕಟ್ಟವ್ವ. ಕುಲದಿಂದ ಹೊರಗೆ ಹಾಕವ್ರೆ, ಯಾರ ಮನೆಗೂ ಹೋಗೋ ಕೆಲ್ಸಿಲ್ಲ!"

ನಾನು ಕಟ್ಟಿದೆ. ಓದೂ ಮುಗಿಯಿತು. ನಮಗೆ ಸರ್ಟಿಫಿಕೇಟು ಕೊಡುವ ದಿನ ಡಾಕ್ಟರಮ್ಮ ತರಗತಿಗೆ ನೆರವಾದವರನ್ನೂ ಸಭೆಗೆ ಕರೆದರು. ದೀಪಕ್ಕೆ ಎಣ್ಣೆ ಕೊಟ್ಟ ವ್ಯಾಪಾರಿಗೆ ಹಾರ, ಬೆಂಚು ಮಾಡಿಕೊಟ್ಟ ಬಡಗಿಗೆ ಹಾರ, ಮುರಿಯದ ಮೂಳೆಗಳನ್ನೆಲ್ಲ ಒದಗಿಸಿದ ಮಾವನಿಗೆ ಶಾಲು. ಮಾವ ಶಾಲನ್ನು ಬೆಳಕಿಗೆ ಹಿಡಿದು ನೋಡಿದ.

"ನೇಯ್ದೋನು ಅರೆಹೊಟ್ಟೇಲಿ ನೇಯ್ದವ್ನೆ. ನಂಗೆ ಬ್ಯಾಡ."

ಮಡಿಸಿ ಹಿಂದಕ್ಕೇ ಕೊಟ್ಟ! ನಾನು ನೆಲ ನೋಡಿದೆ.

"ಮತ್ತೇನು ಕೊಡೋಣ ನಿಮಗೆ?" ಎಂದು ಡಾಕ್ಟರಮ್ಮ ನಕ್ಕರು.

ಮಾವ ತಡವರಿಸಿದ್ದನ್ನು ನಾನು ನೋಡಿದ್ದು ಅಂದೊಮ್ಮೆಯೇ. "ಎಲ್ಲಾರೂ ನಮ್ಮನೆಗೆ ಊಟಕ್ಕೆ ಬರ್ರಿ."

ಬಂದರು. ಮೊಳಕಾಲ್ಮೂರಿನ ಆ ಮನೆಯಲ್ಲಿ ಮಗ್ಗದ ಪಕ್ಕ ಸಾಲಾಗಿ ಕೂತೆವು. ಎದುರು ಮನೆಗಳ ಬಾಗಿಲಲ್ಲಿ ಜನ ನಿಂತು ನೋಡುತ್ತಿದ್ದರು. ಮಾವ ನೀರಿನ ಚೊಂಬು ಹಿಡಿದು ಮೂಲೆಯಲ್ಲಿ ನಿಂತಿದ್ದ. ಅತ್ತೆ ಮುದ್ದೆ ಇಟ್ಟಳು, ಸಾರು ಬಿಟ್ಟಳು, ಗೋಡೆಗೆ ಒರಗಿ ನಿಂತಳು. ಕುಲ ಸೇರಿದ ದಿನದಿಂದ ಒಬ್ಬ ಹೆಂಗಸೂ ಅವಳ ಹೊಸಿಲು ದಾಟಿರಲಿಲ್ಲ.

ಡಾಕ್ಟರಮ್ಮ ತಟ್ಟೆ ಮುಂದೆ ಹಿಡಿದರು. "ಅಮ್ಮಾ, ಇನ್ನೊಂದು ಸ್ವಲ್ಪ ಸಾರು."

"ಹಾಕ್ಲಾ?" ಎಂದಳು ಅತ್ತೆ. ನಂಬದವಳಂತೆ ಮತ್ತೆ ಕೇಳಿದಳು, "ಹಾಕ್ಲೇನ್ರಿ?"

ಸೆರಗಿನಿಂದ ಕಣ್ಣೊರೆಸಿಕೊಂಡು ಸಾರು ಬಿಡತೊಡಗಿದಳು. ತಟ್ಟೆ ತುಂಬಿ ಚೆಲ್ಲಿದರೂ ಡಾಕ್ಟರಮ್ಮ ಸಾಕು ಅನ್ನಲಿಲ್ಲ.